ವಿಳಾಸವಿದ್ದವರ ಅಲೆಮಾರಿತನ

"ಮಾಮಾ, ಮನಿ ಅಂದ್ರ ಇನ್ನ ಮ್ಯಾಲೆ ಒಂದು ಜಾಗಾ ಅಲ್ಲ, ಒಂದು ಗಾಡಿ."

ಕಳೆದ ದೀಪಾವಳಿಯ ಫರಾಳದ ತಟ್ಟೆಯ ಮುಂದೆ ಕುಳಿತು ನಮ್ಮ ಸೋದರಳಿಯ ಈ ಮಾತು ಹೇಳಿದಾಗ ನಾವು ದಂಪತಿಗಳಿಬ್ಬರೂ ನಕ್ಕಿದ್ದೆವು. ಆಮೇಲೆ ಅವನು ಲ್ಯಾಪ್‌ಟಾಪ್ ತೆರೆದು ನಕ್ಷೆಗಳನ್ನು ತೋರಿಸಿದ. ನಗು ನಿಂತಿತು. ಅವನೂ ಅವನ ಹೆಂಡತಿಯೂ ಸಾಫ್ಟ್‌ವೇರ್ ಕೆಲಸದವರು. ಇಬ್ಬರದೂ ಮನೆಯಿಂದಲೇ ದುಡಿಯುವ ನೌಕರಿ. ಹಿಂಜವಡಿಯ ಬಾಡಿಗೆ ಫ್ಲ್ಯಾಟನ್ನು ಬಿಟ್ಟುಬಿಡುವುದು, ಟ್ರಾವೆಲರ್ ಗಾತ್ರದ ಒಂದು ವ್ಯಾನನ್ನು ಕೊಳ್ಳುವುದು, ಅದರೊಳಗೆ ಹಾಸಿಗೆ, ಅಡುಗೆಕಟ್ಟೆ, ಬಚ್ಚಲು, ಎರಡು ಮೇಜುಗಳನ್ನು ಕೂರಿಸಿ ದೇಶದ ಯಾವ ಮೂಲೆಯಿಂದಲಾದರೂ ಕೆಲಸ ಮಾಡುತ್ತ ಬದುಕುವುದು ಅವರ ಯೋಜನೆ. ಹಣಕ್ಕೆ ದಾರಿ? ಧಾರವಾಡದ ಮಾಳಮಡ್ಡಿಯ ಮನೆಯಲ್ಲಿ ಅವನಿಗೆ ಬರಬೇಕಾದ ಪಾಲು. ಅಕ್ಕನಿಗೆ ಫೋನು ಮಾಡಿದೆವು. "ಅವನ ಪಾಲು ಅವಂಗ ಬಿಟ್ಟದ್ದು" ಎಂದು ಹೇಳಿ ಅವಳು ಮಾತು ಬದಲಿಸಿದಳು. ಪಾಲು ಇನ್ನೂ ಮಾರಾಟವಾಗಿಲ್ಲ. ಈ ಬರಹಕ್ಕೆ ಅದೇ ಕಾರಣ.

ನಮ್ಮ ಬಳಗದ ಸಭೆಯಲ್ಲಿ ಈ ವಿಷಯ ಪ್ರಸ್ತಾಪವಾದಾಗ ಹಿರಿಯರೊಬ್ಬರು ಬಸವಣ್ಣನವರನ್ನು ಕರೆತಂದರು. ಸ್ಥಾವರವನ್ನು ಬಿಟ್ಟು ಜಂಗಮವಾಗುವುದಕ್ಕೆ ನೀವೇಕೆ ಅಡ್ಡಿಯಾಗುತ್ತೀರಿ ಎಂಬುದು ಅವರ ಪ್ರಶ್ನೆ. ಅಂದು ಸಮಯವಿರಲಿಲ್ಲ, ಇಲ್ಲಿ ಉತ್ತರಿಸುತ್ತಿದ್ದೇವೆ. ನಾಲ್ಕು ಚಕ್ರ ಸಿಕ್ಕಿಸಿದ ಮಾತ್ರಕ್ಕೆ ಸ್ಥಾವರವು ಜಂಗಮವಾಗುವುದಿಲ್ಲ. ಕಂಬ, ದೇಹಲಿ, ಶಿಖರಗಳೆಲ್ಲ ಹಾಗೆಯೇ ಉಳಿದು, ಡೀಸೆಲ್ ಖರ್ಚೊಂದು ಹೊಸದಾಗಿ ಸೇರಿಕೊಳ್ಳುತ್ತದೆ. ಆ ಗಾಲಿಮನೆಯನ್ನು ಕಟ್ಟುವುದೆಂದರೇನು ಎಂಬುದನ್ನು ನಾವು ಐದಾರು ಭಾನುವಾರಗಳಂದು ಭೋಸರಿಯ ವರ್ಕ್‌ಶಾಪುಗಳ ಬಾಗಿಲಲ್ಲಿ ನಿಂತು ನೋಡಿದ್ದೇವೆ. ಆದ್ದರಿಂದ ಮೊದಲು ಲೆಕ್ಕ.

ಇಂಥ ನಕ್ಷೆಗಳೆಲ್ಲ ಕಿಟಕಿಯಿಂದ ಆರಂಭವಾಗುತ್ತವೆ. ಹಿಂಬಾಗಿಲು ತೆರೆದರೆ ಸಮುದ್ರ, ಮುಂದೆ ಕಾಫಿಯ ಲೋಟ. ಆದರೆ ಮನೆ ಆರಂಭವಾಗುವುದು ಮೋರಿಯಿಂದ. ನಗರದ ಮನೆಗೆ ತಲೆಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ನಮ್ಮ ದೇಶದ ಯೋಜಕರ ಮಾನದಂಡ; ಹಳ್ಳಿಗಳಿಗೆ ಜಲಜೀವನ ಯೋಜನೆ ಇಟ್ಟುಕೊಂಡ ಗುರಿ 55 ಲೀಟರ್. ಅಳಿಯನ ನಕ್ಷೆಯಲ್ಲಿದ್ದುದು 120 ಲೀಟರಿನ ಒಂದು ಟ್ಯಾಂಕು. ತಲೆಗೆ 20 ಲೀಟರಿನಂತೆ ಬಿಗಿಯಾಗಿ ಬಳಸಿದರೂ ಮೂರು ದಿನ. ಮೂರು ದಿನಕ್ಕೊಮ್ಮೆ ಯಾರದೋ ನಲ್ಲಿಯ ಮುಂದೆ ಪೈಪು ಹಿಡಿದು ನಿಲ್ಲಬೇಕು. ಸಾತಾರಾ ಜಿಲ್ಲೆಯ ಮಾಣ್, ಖಟಾವ್ ಕಡೆಗೆ ಬೇಸಗೆಯಲ್ಲಿ ಹೋದವರಿಗೆ ಗೊತ್ತು, ಅಲ್ಲಿ ಕೊಡಗಳ ಸಾಲು ಟ್ಯಾಂಕರಿನ ದಾರಿ ಕಾಯುತ್ತಿರುತ್ತದೆ. ಆ ಸಾಲಿನ ಪಕ್ಕದಲ್ಲಿ ವ್ಯಾನು ನಿಲ್ಲಿಸಿ ನೀರು ಕೇಳಲು ಎಂಥ ಮುಖ ಬೇಕು?

ಒಳಗೆ ಬಂದ ನೀರು ಹೊರಗೂ ಹೋಗಬೇಕಷ್ಟೆ. ಪಾತ್ರೆ ತೊಳೆದ, ಸ್ನಾನ ಮಾಡಿದ ನೀರಿಗೆ ಕೆಳಗೊಂದು ಟ್ಯಾಂಕು. ಪಾಯಖಾನೆಗೆ ಎಳೆದು ತೆಗೆಯಬಹುದಾದ ಸುಮಾರು 20 ಲೀಟರಿನ ಪೆಟ್ಟಿಗೆ. ಇಬ್ಬರಿಗೆ ಮೂರು ನಾಲ್ಕು ದಿನಕ್ಕೆ ತುಂಬುತ್ತದೆ. ಯುರೋಪಿನಲ್ಲಿ ಇವನ್ನು ಬರಿದುಮಾಡಲೆಂದೇ ಶಿಬಿರತಾಣಗಳಲ್ಲಿ ಕಟ್ಟೆಗಳಿವೆ. ನಮ್ಮಲ್ಲಿ ಕೇರಳ, ಮಹಾರಾಷ್ಟ್ರಗಳು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮದ ನೀತಿಗಳನ್ನು ಪ್ರಕಟಿಸಿದವು. ನೀತಿಗಳ ಗುಣದೋಷ ಹೇಳಲು ಸರ್ಕಾರಿ ನೌಕರರಾದ ನಮಗೆ ನಡತೆ ನಿಯಮಗಳ ಲಗಾಮಿದೆ. ನಾವು ಹೇಳಬಹುದಾದದ್ದು ಇಷ್ಟು: ನಾವು ಮಾತಾಡಿಸಿದ ವರ್ಕ್‌ಶಾಪಿನವರಲ್ಲಿ "ಎಲ್ಲಿ ಸುರಿಯುವುದು?" ಎಂಬ ಪ್ರಶ್ನೆಗೆ ಒಬ್ಬರೂ ನೇರವಾಗಿ ಉತ್ತರಿಸಲಿಲ್ಲ. ಒಬ್ಬ ಮಾತ್ರ ನಕ್ಕು, "ರಾತ್ರಿ ಹೊತ್ತು, ಸಾಹೇಬ್, ದೇಶ ದೊಡ್ಡದಿದೆ" ಎಂದ. ಆ ಪ್ರಶ್ನೆ ಕೇಳಿದವಳು ಅಳಿಯನ ಹೆಂಡತಿ ಎಂಬುದನ್ನು ಇಲ್ಲಿ ದಾಖಲಿಸಬೇಕು. ಅಳಿಯ ಆಗ ಯಾವ ಮರದ ಹೊದಿಕೆ ಚೆಂದ ಎಂದು ನೋಡುತ್ತಿದ್ದ.

ಮರದ ಮಾತು ಬಂತು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, 18 ಮಿಲಿಮೀಟರ್ ದಪ್ಪದ ಒಂದು ಪ್ಲೈವುಡ್ ಹಲಗೆ 30 ಕಿಲೋಗ್ರಾಮಿಗಿಂತ ಹೆಚ್ಚು ತೂಗುತ್ತದೆ. ಅವನ ನಕ್ಷೆಗೆ ಒಂಬತ್ತು ಹಲಗೆ ಬೇಕಿತ್ತು. ಎಂದರೆ ಸುಮಾರು 300 ಕಿಲೋ ಬರೀ ಕಪಾಟು. ನೀರು 120 ಕಿಲೋ. ಮೇಲೆ ಬ್ಯಾಟರಿ, ಸೌರಫಲಕ, ಫ್ರಿಜ್, ಹಾಸಿಗೆ, ಬಟ್ಟೆಬರೆ. ಹೀಗೆ ಆರುನೂರು ಕಿಲೋ ದಾಟಿದ ಮೇಲೆ, ಎಡಬದಿಗೆ ಅಡುಗೆಕಟ್ಟೆಯೂ ನೀರಿನ ಟ್ಯಾಂಕೂ ಒಟ್ಟಿಗೆ ಬಂದಿದ್ದನ್ನು ಕಂಡು, ಒಬ್ಬ ವಯಸ್ಸಾದ ಬಡಗಿ ಪೆನ್ಸಿಲನ್ನು ಕಿವಿಯಿಂದ ತೆಗೆದು ನಕ್ಷೆಯ ಮೇಲೊಂದು ಗೆರೆ ಎಳೆದ: ಘಾಟಿನ ತಿರುವಿನಲ್ಲಿ ನೀರು ಅತ್ತ ಇತ್ತ ತುಳುಕಿದಾಗ ಗಾಡಿ ಯಾವ ಕಡೆ ವಾಲುತ್ತದೆ ಎಂದು. ಅಂಥ ಗೆರೆ ಯಾವ ವೀಡಿಯೋದಲ್ಲಿಯೂ ಇಲ್ಲ. ಭಾರ ನೆಲಕ್ಕೆ ಹತ್ತಿರವಿರಬೇಕು, ಎರಡು ಬದಿಗೂ ಸಮನಾಗಿ ಹಂಚಿಕೆಯಾಗಬೇಕು, ತಯಾರಕರು ಗೊತ್ತುಮಾಡಿದ ಒಟ್ಟು ತೂಕವನ್ನು ಮೀರಬಾರದು, ಬ್ರೇಕು ಆ ತೂಕಕ್ಕೆ ಮಾತ್ರ ಮಾಡಿದ್ದು. ಇವೆಲ್ಲ ಸೌಂದರ್ಯದ ಪ್ರಶ್ನೆಗಳಲ್ಲ, ಎದುರಿಗೆ ಬರುವ ಬೈಕಿನವನ ಪ್ರಾಣದ ಪ್ರಶ್ನೆಗಳು.

ವಿದ್ಯುತ್ತಿನ ಲೆಕ್ಕವನ್ನು ಅಳಿಯನೇ ಮಾಡಿದ್ದ, ಚೆನ್ನಾಗಿಯೇ ಮಾಡಿದ್ದ. ಎರಡು ಲ್ಯಾಪ್‌ಟಾಪುಗಳು 60 ವ್ಯಾಟಿನಂತೆ ಒಂಬತ್ತು ಗಂಟೆ, ಸಣ್ಣ ಫ್ರಿಜ್, ಫ್ಯಾನು, ಇಂಟರ್‌ನೆಟ್ ಪೆಟ್ಟಿಗೆ, ದೀಪ. ಒಟ್ಟು ದಿನಕ್ಕೆ ಸುಮಾರು ಎರಡು ಯೂನಿಟ್. 12.8 ವೋಲ್ಟಿನ, 200 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಎರಡೂವರೆ ಯೂನಿಟ್ ಹಿಡಿಯುತ್ತದೆ. ಮಾಳಿಗೆಯ ಮೇಲೆ 400 ವ್ಯಾಟಿನ ಎರಡು ಫಲಕಗಳಿದ್ದರೆ ಬಿಸಿಲಿನ ದಿನ ಅದು ತುಂಬುತ್ತದೆ. ಸರಿ. ಆದರೆ ಫಲಕಕ್ಕೆ ಬಿಸಿಲು ಬೇಕು, ಮನುಷ್ಯನಿಗೆ ನೆರಳು ಬೇಕು. ವ್ಯಾನು ನಿಲ್ಲುವುದು ಒಂದೇ ಕಡೆ. ಬಿಸಿಲಲ್ಲಿ ನಿಂತ ತಗಡಿನ ಡಬ್ಬಿಗೆ ಏಸಿ ಇಲ್ಲದೆ ಆಗದು. ಒಂದು ಟನ್ನಿನ ಏಸಿ ಒಂದೇ ಮಧ್ಯಾಹ್ನದಲ್ಲಿ ಮೂರು ನಾಲ್ಕು ಯೂನಿಟ್ ನುಂಗುತ್ತದೆ. ಹಾಗಾದರೆ ಇನ್ನೂ ಎರಡು ಫಲಕ, ಇನ್ನೂ ಎರಡು ಬ್ಯಾಟರಿ, ಇನ್ನೂ ತೂಕ. ಗ್ಯಾಸ್ ಬೇಡವೆಂದು ಇಂಡಕ್ಷನ್ ಒಲೆ ಇಟ್ಟರೆ ಮತ್ತೆ ಯೂನಿಟ್ಟು. ಜೂನ್ ಬಂದು ಸಹ್ಯಾದ್ರಿಯ ಮೇಲೆ ಮೋಡ ಮುಚ್ಚಿಕೊಂಡಿತೆಂದರೆ ಈ ಲೆಕ್ಕವೆಲ್ಲ ಹರಿದುಹೋಗುತ್ತದೆ.

ಏಪ್ರಿಲಿನಲ್ಲಿ ಅವರಿಬ್ಬರೂ ಬಾಡಿಗೆಯ ಗಾಲಿಮನೆಯೊಂದನ್ನು ಪಡೆದು ನಾಲ್ಕು ದಿನ ಕೊಂಕಣಕ್ಕೆ ಹೋಗಿಬಂದರು. ಪರೀಕ್ಷೆಯೆಂದು ನಾವೇ ಒತ್ತಾಯಿಸಿದ್ದು. ತಾಮ್ಹಿಣಿ ಘಾಟಿಯಲ್ಲಿ ಸಿಗ್ನಲ್ ಹೋಯಿತು. ಸಭೆಯ ಹೊತ್ತಿಗೆ ತಲುಪಬೇಕೆಂದು ಕಣಿವೆಯನ್ನು ನೋಡದೆ ಇಳಿದರು. ಕಡಲ ತೀರದಲ್ಲಿ ಪರದೆಯ ಮೇಲೆ ಬಿಸಿಲು ಹೊಳೆಯುತ್ತದೆಂದು ಕಿಟಕಿಗಳಿಗೆಲ್ಲ ಪರದೆ ಎಳೆದು ಕೆಲಸ ಮಾಡಿದರು. ಹನ್ನೊಂದು ಗಂಟೆಗೆ ಒಳಗೆ ಕೂರಲಾಗದೆ ಒಂದು ಖಾನಾವಳಿಯ ಫ್ಯಾನಿನ ಕೆಳಗೆ ಚಹದ ಮೇಲೆ ಚಹ ತರಿಸುತ್ತ ಸಂಜೆ ಮಾಡಿದರು. ಅಮೆರಿಕದವರ ಸಭೆ ರಾತ್ರಿ ಎಂಟಕ್ಕೆ. ಅದು ಮುಗಿದಾಗ ಸಮುದ್ರ ಕತ್ತಲೆಯಲ್ಲಿತ್ತು. ಎರಡನೆಯ ರಾತ್ರಿ ಯಾರೋ ಬಂದು ವ್ಯಾನಿನ ಬದಿಗೆ ಕೈಯಿಂದ ಬಡಿದು ಹೋದರು. ಮಿಕ್ಕ ಎರಡು ರಾತ್ರಿ ಅವರು ಪೆಟ್ರೋಲ್ ಬಂಕಿನ ದೀಪದ ಕೆಳಗೇ ಮಲಗಿದರು.

ಇದನ್ನು ಕೇಳಿ ನಮಗೆ ಹೊಳೆದದ್ದು ಒಂದೇ. ಈ ಯೋಜನೆಯಲ್ಲಿ ತಿರುಗಾಟಕ್ಕೆ ಹೊರಟವರು ಇವರಲ್ಲ, ಇವರ ಕಚೇರಿ. ಮೊದಲು ಕಚೇರಿ ಊರಿನಲ್ಲಿತ್ತು, ಸಂಜೆ ಆರಕ್ಕೆ ಅದರ ಬಾಗಿಲಿಗೆ ಬೀಗ ಬೀಳುತ್ತಿತ್ತು. ಆಮೇಲೆ ಅದು ಮನೆಯ ಊಟದ ಮೇಜಿಗೆ ಬಂತು. ಈಗ ಅದು ಹಾಸಿಗೆಯಿಂದ ಮೂರು ಅಡಿ ದೂರದಲ್ಲಿ ಕುಳಿತು ಕಡಲತೀರಕ್ಕೂ ಬರುತ್ತದೆ. ಜಾಗ, ಕುರ್ಚಿ, ವಿದ್ಯುತ್ತು, ನೀರು ಎಲ್ಲದರ ಖರ್ಚೂ ನೌಕರನದು. ಸ್ವಂತ ಆಸ್ತಿ ಮಾರಿ ಮಾಲೀಕನಿಗೆ ಕಚೇರಿ ಕಟ್ಟಿಸಿಕೊಟ್ಟವನನ್ನು ಹಿಂದಿನವರು ಏನೆಂದು ಕರೆಯುತ್ತಿದ್ದರೋ! ಇಂದು ಸ್ವತಂತ್ರನೆಂದು ಕರೆಯುತ್ತಾರೆ.

ನಮ್ಮಲ್ಲೊಬ್ಬರು ಇಂಗ್ಲಿಷ್ ಎಂ.ಎ. ಓದಿದ ತಪ್ಪಿಗೆ ಇಲ್ಲೊಂದು ಅಡ್ಡದಾರಿ ಹಿಡಿಯಬೇಕಾಗಿದೆ. ವಿಹಾರಕ್ಕೆಂದೇ ಕಟ್ಟಿಸಿದ ಮೊದಲ ಗಾಲಿಮನೆಯೆಂದು ಸಾಮಾನ್ಯವಾಗಿ ಹೆಸರಿಸುವುದು 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾಪಡೆಯ ನಿವೃತ್ತ ವೈದ್ಯ, ಬಾಲಸಾಹಿತಿ ಬ್ರಿಸ್ಟಲಿನಲ್ಲಿ ಮಾಡಿಸಿಕೊಂಡ 'ವಾಂಡರರ್' ಎಂಬ ಗಾಡಿಯನ್ನು. ಮಹಾಗನಿ ಮರದ ಗಾಡಿ, ಎಳೆಯಲು ಎರಡು ಕುದುರೆ. ಸಾರಥಿಯೊಬ್ಬ, ದಾರಿ ಸರಿಯಿದೆಯೇ ಎಂದು ನೋಡಿಬರಲು ಮೂರು ಚಕ್ರದ ಸೈಕಲ್ಲಿನಲ್ಲಿ ಮುಂದೆ ಹೋಗುವ ಪರಿಚಾರಕನೊಬ್ಬ. ಆತ ತನ್ನನ್ನು ಜಿಪ್ಸಿಯೆಂದು ಬಣ್ಣಿಸಿಕೊಂಡು ಸುಖವಾಗಿ ಅಲೆದ. ಅದೇ ದಶಕದಲ್ಲಿ ಅದೇ ದೇಶದಲ್ಲಿ ನಿಜವಾದ ಜಿಪ್ಸಿಗಳ ಗಾಡಿಗಳನ್ನು ನೋಂದಾಯಿಸಬೇಕು, ಒಳಹೊಕ್ಕು ತಪಾಸಣೆ ಮಾಡಬೇಕು ಎಂದು ಕೋಲ್‌ವಿಲ್‌ನ ಜಾರ್ಜ್ ಸ್ಮಿತ್ ಪಾರ್ಲಿಮೆಂಟಿನ ಮುಂದೆ ಮಸೂದೆಯ ಮೇಲೆ ಮಸೂದೆ ತರಿಸುತ್ತಿದ್ದ. ಅವು ಅಂಗೀಕಾರವಾಗಲಿಲ್ಲ, ಆ ಮಾತು ಬೇರೆ. ಸ್ಟೇಬಲ್ಸನ ಪರವಾಗಿ ಒಂದು ಮಾತು ಹೇಳಬೇಕು: ಆತ ಗಾಡಿಜನರ ಪಕ್ಷವನ್ನೇ ವಹಿಸಿದ.

ಕೆನೆತ್ ಗ್ರಹಾಂ 1908ರಲ್ಲಿ ಪ್ರಕಟಿಸಿದ 'ದಿ ವಿಂಡ್ ಇನ್ ದಿ ವಿಲೋಸ್' ಕೃತಿಯ ಟೋಡ್, ಎಂದರೆ ಶ್ರೀಮಂತ ಕಪ್ಪೆರಾಯ, ಹಳದಿ ಬಣ್ಣದ ಹೊಸ ಗಾಡಿಮನೆಯನ್ನು ತೋರಿಸಿ ಎಲ್ಲವನ್ನೂ ತಾನೇ ಯೋಜಿಸಿದ್ದೆಂದು ಬೀಗುತ್ತಾನೆ. ಮರುದಿನ ಬೆಳಿಗ್ಗೆ ಅವನು ಏಳುವುದಿಲ್ಲ. ಕುದುರೆಯ ಆರೈಕೆ, ಪಾತ್ರೆ ತೊಳೆಯುವುದು ಇಲಿ-ಹೆಗ್ಗಣಗಳ ಪಾಲು. ಮರೆತುಬಂದ ಹಾಲು, ಮೊಟ್ಟೆಗಾಗಿ ಹತ್ತಿರದ ಹಳ್ಳಿಗೆ ನಡೆದುಹೋಗುವುದೂ ಅವರದೇ. ಗ್ರಹಾಂ ಸ್ವತಃ ಬ್ಯಾಂಕ್ ಆಫ್ ಇಂಗ್ಲೆಂಡಿನ ಕಾರ್ಯದರ್ಶಿಯಾಗಿದ್ದವರು. ಕಚೇರಿಯ ಕುರ್ಚಿಯಿಂದ ನೋಡಿದ ತೆರೆದ ದಾರಿಯ ಬಣ್ಣ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇತ್ತ ನಮ್ಮ ದೇಶಕ್ಕೆ ಬರೋಣ. ಇಂಗ್ಲೆಂಡಿನ ಅಲೆಮಾರಿಗಳು ಕೂದಲೆಳೆಯಲ್ಲಿ ತಪ್ಪಿಸಿಕೊಂಡದ್ದು ಇಲ್ಲಿಯವರಿಗೆ ತಪ್ಪಲಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಅಡಿಯಲ್ಲಿ ತಿರುಗಾಡುವುದೇ ಅನುಮಾನಕ್ಕೆ ಕಾರಣವಾಯಿತು. ಹುಬ್ಬಳ್ಳಿಯವರಿಗೆ ಸೆಟ್ಲ್‌ಮೆಂಟ್ ಎಂಬ ಬಡಾವಣೆ ಪರಿಚಿತ. ನಮ್ಮ ಪಕ್ಕದ ಸೋಲಾಪುರದಲ್ಲಿಯೂ ಅಂಥದಿದೆ. ಬೇಲಿಯೊಳಗೆ ಕೂಡಿಹಾಕಿ, ಹಾಜರಿ ಕರೆದು, ಗಿರಣಿಗೆ ಕೂಲಿಗೆ ಕಳಿಸುತ್ತಿದ್ದ ವಸಾಹತುಗಳವು. ಕಾಯಿದೆ ರದ್ದಾದದ್ದು 1952ರಲ್ಲಿ. ಸ್ವಾತಂತ್ರ್ಯ ಬಂದು ಐದು ವರ್ಷವಾಗಿತ್ತು.

ಇಂದಿಗೂ ದೀಪಾವಳಿಯ ಹೊತ್ತಿಗೆ ಬೀಡ್ ಕಡೆಯ ಕಬ್ಬು ಕಡಿಯುವ ಕುಟುಂಬಗಳು ಪಶ್ಚಿಮ ಮಹಾರಾಷ್ಟ್ರಕ್ಕೂ ಬೆಳಗಾವಿ ಸೀಮೆಗೂ ಹೊರಡುತ್ತವೆ. ಟ್ರ್ಯಾಕ್ಟರಿನ ಡಬ್ಬಿಯಲ್ಲಿ, ಎತ್ತಿನ ಗಾಡಿಯಲ್ಲಿ ಪಾತ್ರೆ, ಹಾಸಿಗೆ, ಕೋಳಿ, ಮಕ್ಕಳು. ಗಂಡಹೆಂಡಿರ ಜೋಡಿಗೆ ಅಲ್ಲಿ 'ಕೊಯ್ತಾ' ಎಂದು ಹೆಸರು. ಕೊಯ್ತಾ ಎಂದರೆ ಕುಡುಗೋಲು. ಇಬ್ಬರು ಮನುಷ್ಯರು ಸೇರಿ ಒಂದು ಕುಡುಗೋಲು! ಊರು ಬಿಟ್ಟು ದೂರ ಹೋಗಿ, ಕೆಲಸದ ಪಕ್ಕದಲ್ಲೇ ಮನೆ ಹೂಡಿ ದುಡಿಯುವ ಇವರಿಗಿಂತ ಹಳೆಯ 'ದೂರದುಡಿಮೆಗಾರರು' ಯಾರಿದ್ದಾರೆ? ಇವರ ಗುಡಿಸಲಿನ ವಿನ್ಯಾಸವನ್ನು ಯಾರೂ ಮೆಚ್ಚಿ ಚಿತ್ರೀಕರಿಸುವುದಿಲ್ಲ. ಅಮೆರಿಕದಲ್ಲಿಯೂ ಇದೇ ಕಥೆ. ಜೆಸಿಕಾ ಬ್ರೂಡರ್ ಅವರ 2017ರ 'ನೊಮ್ಯಾಡ್‌ಲ್ಯಾಂಡ್' ಪುಸ್ತಕದ ವ್ಯಾನುವಾಸಿಗಳಲ್ಲಿ ಅನೇಕರು 2008ರ ಕುಸಿತದ ನಂತರ ನೆಲೆ ಕಳೆದುಕೊಂಡ ವಯಸ್ಸಾದವರು. ಅವರು ಗಾಡಿ ಓಡಿಸಿಕೊಂಡು ಹೋಗುತ್ತಿದ್ದುದು ಗೋದಾಮುಗಳ ಕೂಲಿಗೆ, ಸಕ್ಕರೆ ಬೀಟಿನ ಕೊಯ್ಲಿಗೆ. ಅಲ್ಲಿ ಬೀಟು, ಇಲ್ಲಿ ಕಬ್ಬು. ಎರಡು ಕಡೆಯೂ ಸಕ್ಕರೆ. ಆ ಪುಸ್ತಕದ ಸಿನಿಮಾ ನೋಡಿ ಸೂರ್ಯಾಸ್ತದ ದೃಶ್ಯಗಳಷ್ಟನ್ನೇ ಮನೆಗೆ ತಂದವರನ್ನು ನಾವು ಬಲ್ಲೆವು.

ಇನ್ನು ಲಾರಿ ಚಾಲಕರು. ವರ್ಷದ ಬಹುಪಾಲು ಕ್ಯಾಬಿನ್ನಿನಲ್ಲೇ ಉಂಡು, ಮಲಗಿ ಬದುಕುವವರು. ಆ ಕ್ಯಾಬಿನ್ನಿಗೆ ಏಸಿ ಕಡ್ಡಾಯವಾದದ್ದು 2025ರ ಅಕ್ಟೋಬರ್ 1ರಿಂದ, ಅದೂ ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳಿಗೆ ಮಾತ್ರ. ಇಷ್ಟು ದಶಕಗಳ ಕಾಲ ಅವರ ಗಾಲಿಮನೆಯ ಸೆಕೆ ಯಾರ ನಿದ್ದೆಯನ್ನೂ ಕೆಡಿಸಲಿಲ್ಲ.

ಹಾಗಾದರೆ ಒಂದೇ ರಸ್ತೆಯ ಬದಿಯಲ್ಲಿ ನಿಂತ ಎರಡು ಗಾಲಿಮನೆಗಳಲ್ಲಿ ಒಂದನ್ನು ಮೆಚ್ಚುವುದಕ್ಕೂ ಇನ್ನೊಂದನ್ನು ಎಬ್ಬಿಸಿ ಓಡಿಸುವುದಕ್ಕೂ ಕಾರಣವೇನು? ನಮಗೆ ತೋರುವ ಉತ್ತರ: ವಿಳಾಸ. ಒಬ್ಬನ ಜೇಬಿನಲ್ಲಿ ಪಕ್ಕಾ ಮನೆಯ ವಿಳಾಸವಿದೆ, ಇನ್ನೊಬ್ಬನಲ್ಲಿ ಇಲ್ಲ. ಅಲೆಮಾರಿತನ ಸೊಗಸಾಗಿ ಕಾಣುವುದು ಅದನ್ನು ಬೇಕೆಂದಾಗ ನಿಲ್ಲಿಸಬಲ್ಲವನಿಗೆ. ನಮ್ಮ ಅಳಿಯ ಮಾರಹೊರಟಿರುವುದು ಹಂಚಿನ ಮಾಡನ್ನಲ್ಲ, ಆ ನಿಲ್ಲಿಸುವ ಶಕ್ತಿಯನ್ನು. ಇದನ್ನು ಅವನಿಗೆ ನಾಲ್ಕು ಸಲ ಹೇಳಿದ್ದೇವೆ. "ಮಾಮಾ, ನೀವು ಸರ್ಕಾರದವರು, ನಿಮಗ ಎಲ್ಲಾದಕ್ಕೂ ಪುರಾವೆ ಬೇಕು" ಎನ್ನುತ್ತಾನೆ.

ಹೌದು, ಬೇಕು. ಇಪ್ಪತ್ತು ವರ್ಷಗಳಲ್ಲಿ ಚೆನ್ನೈ, ಹೈದರಾಬಾದ್, ದೆಹಲಿ, ಪುಣೆ ಎಂದು ನಾಲ್ಕು ಊರುಗಳಲ್ಲಿ ಗಂಟುಮೂಟೆ ಬಿಚ್ಚಿ ಕಟ್ಟಿದ ನಮಗೆ ವಿಳಾಸವೆಂದರೇನೆಂದು ಗೊತ್ತು. ಪ್ರತಿ ವರ್ಗಾವಣೆಯಲ್ಲೂ ಗ್ಯಾಸ್ ಸಿಲಿಂಡರ್ ಒಪ್ಪಿಸುವುದು, ಮತದಾರರ ಪಟ್ಟಿಯಿಂದ ಹೆಸರು ತೆಗೆಸಿ ಇನ್ನೊಂದಕ್ಕೆ ಸೇರಿಸುವುದು. ಮಗಳಿಗೆ ಪ್ರತಿ ಊರಿನಲ್ಲೂ ಹೊಸ ಭಾಷೆ. ಕನ್ನಡ ಮಾತ್ರ ಯಾವ ಊರಿನ ಶಾಲೆಯಲ್ಲೂ ಇರಲಿಲ್ಲ. ಅದನ್ನು ನಾವು ರಾತ್ರಿ ಊಟದ ನಂತರ ಹಳೆಯ ಪಠ್ಯಪುಸ್ತಕದಿಂದ ಕಲಿಸಿದೆವು. ಈ ಬಳಗದ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾವೂ ಗಾಲಿಯ ಮೇಲೆಯೇ ಬದುಕಿದವರು. ಆದರೆ ನಮ್ಮ ಅರ್ಜಿಗಳ ಮೇಲೆಲ್ಲ 'ಖಾಯಂ ವಿಳಾಸ' ಎಂಬ ಸಾಲಿನಲ್ಲಿ ಮಾಳಮಡ್ಡಿಯ ಆ ಮನೆಯೇ ಇತ್ತು. ಆದ್ದರಿಂದ ನಮ್ಮ ವಾದದಲ್ಲಿ ಸ್ವಾರ್ಥವಿದೆ ಎಂದರೆ ಒಪ್ಪುತ್ತೇವೆ.

ಇನ್ನೂ ಒಂದನ್ನು ಒಪ್ಪಬೇಕು. ಬಾಡಿಗೆ ಮನೆಯ ಮಾಲೀಕರ ಕಿರುಕುಳ, ಮೂವತ್ತು ವರ್ಷದ ಸಾಲದ ಕಂತು, ಗಂಟೆಗಟ್ಟಲೆ ಟ್ರಾಫಿಕ್ಕು, ಇವುಗಳಿಂದ ಓಡಿಹೋಗಬೇಕೆಂಬ ಅವರ ಆಸೆ ಸುಳ್ಳಲ್ಲ. ಆ ಆಸೆಗೆ ವ್ಯಾನನ್ನು ಮಾರುವವರ ಮೇಲೆ ನಮ್ಮ ಸಿಟ್ಟು. ಒಬ್ಬ ವರ್ಕ್‌ಶಾಪಿನವನು ಮುಂಗಡ ಪಡೆದು, ಗಾಡಿ ಬರುವ ಮೊದಲೇ ಸೀಟುಗಳನ್ನು ಕಿತ್ತು ಮಾಳಿಗೆ ಕೊರೆಯುವ ಯೋಜನೆ ಹಾಕಿದ್ದ. ಮೋಟಾರು ವಾಹನಗಳ ಕಾಯಿದೆಯ 52ನೇ ಕಲಮು, ತಯಾರಕರ ವಿವರಣೆಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಮೋಟಾರ್ ಕ್ಯಾರವಾನುಗಳಿಗೆಂದೇ ಇರುವ ಎಐಎಸ್-124 ಎಂಬ ಮಾನಕ, ಇವುಗಳ ಬಗ್ಗೆ ಕೇಳಿದರೆ "ಆರ್‌ಟಿಒ ನಮ್ಮ ಮೇಲೆ ಬಿಡಿ" ಎಂದ. ಬಿಡಲಿಲ್ಲ, ಮುಂಗಡದ ಅರ್ಧ ಮಾತ್ರ ಹಿಂದಕ್ಕೆ ಬಂತು. ಆ ವಾಹನಗಳನ್ನು ಪರೀಕ್ಷಿಸುವ ಸಂಸ್ಥೆಗಳಲ್ಲೊಂದು ನಮ್ಮ ಪುಣೆಯಲ್ಲೇ, ಕೊಥರೂಡಿನ ಪಕ್ಕದ ಗುಡ್ಡದ ಮೇಲಿದೆ. ಅನುಮೋದಿತ ಗಾಲಿಮನೆಯನ್ನು ಬೇಕಾದವರು ವಾರಕ್ಕೆ ಬಾಡಿಗೆಗೆ ಪಡೆಯಲಿ. ಅದಕ್ಕೆ ಯಾರ ಮನೆಯೂ ಮಾರಾಟವಾಗಬೇಕಿಲ್ಲ.

ಕಳೆದ ಶನಿವಾರ ಅಳಿಯನ ಹೆಂಡತಿಯೊಬ್ಬಳೇ ನಮ್ಮ ಮನೆಗೆ ಬಂದಿದ್ದಳು. ಹೊಸ ನಕ್ಷೆ ತಂದಿದ್ದಳು. ಕಪಾಟುಗಳು ಒಂಬತ್ತರಿಂದ ಮೂರು ಹಲಗೆಗೆ ಇಳಿದಿದ್ದವು, ನೀರಿನ ಟ್ಯಾಂಕು ಗಾಡಿಯ ನಡುವಿಗೆ ಬಂದಿತ್ತು. ಗಾಡಿಯ ನೋಂದಣಿಯ ಮಾತು ಬಂತು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟರೆ ಅಲ್ಲಿ ಮರುನೋಂದಣಿ ಮಾಡಿಸಬೇಕು. ನಮ್ಮಂಥ ಕೇಂದ್ರ ನೌಕರರಿಗೆ ಸಿಗುವ ಬಿಎಚ್ ಸರಣಿ, ಖಾಸಗಿಯವರಿಗೆ ಸಿಗಬೇಕಾದರೆ ಅವರ ಕಂಪನಿಗೆ ನಾಲ್ಕಾದರೂ ರಾಜ್ಯಗಳಲ್ಲಿ ಕಚೇರಿಯಿರಬೇಕು. ಇವರ ಕಂಪನಿಗಳಿಗೆ ಇಲ್ಲ. ಫ್ಲ್ಯಾಟು ಬಿಟ್ಟು, ಮಾಳಮಡ್ಡಿಯ ಪಾಲನ್ನೂ ಮಾರಿದ ಮೇಲೆ ಅರ್ಜಿಯಲ್ಲಿ ಏನು ಬರೆಯುವುದು? ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳು ಕೇಳಿದಳು: "ಮಾಮಾ, ಪತ್ರಗಳಿಗೆಲ್ಲಾ ನಿಮ್ಮ ಕ್ವಾರ್ಟರ್ಸಿನ ವಿಳಾಸ ಕೊಟ್ರ ನಡೀತದೇನು?"

ನಾವು ಇನ್ನೂ ಉತ್ತರ ಹೇಳಿಲ್ಲ. ಈ ಜೂನಿಗೆ ಪುಣೆಯಲ್ಲಿ ನಮ್ಮ ಅವಧಿ ಮುಗಿಯುತ್ತದೆ. ವರ್ಗಾವಣೆಯ ಪಟ್ಟಿಯಲ್ಲಿ ಹೆಸರಿದೆ.